ತೊಡಿ ತೊಗಲು, ಅಂಗೈ ನಸೀಬು

ಹುಟ್ಟಿದ್ದು ತೊಡಿಮ್ಯಾಗ, ಈಗ ರೊಟ್ಟಿ ಮುರಿಯೋದು ನನ್ನ ತಾಟಿನಾಗ. ಯಾರು ಹೇಳ್ರಿ?

ಆಗಲಿಲ್ಲಲ್ಲ? ಅದು ನನ್ನ ಬಲ ಅಂಗೈ ತೊಗಲು. ಎಂಟನೇತ್ತಾಗ ನಾ ಶಾಲಿ ಬಿಟ್ಟೆ, ಇಂಥಾ ಫಜೀತಿ ಮಾತ್ರ ನನ್ನ ಬಿಡವಲ್ಲವು.

೧. ಮಿರ್ಚಿ

ಬೆಟಗೇರಿ ಬಜಾರದಾಗ ಭಜಿ ಕರಿಯೋ ಕಾಕಾನ ಮುಂದ ನಿಂತು ದೋಸ್ತರಿಗೆ ಅಂದೆ: "ಕೈ ಹಸಿ ಇದ್ದರ ಸುಡಂಗಿಲ್ಲಲೇ!" ಕೈ ತೋಯಿಸಿ ಕಾದ ಎಣ್ಣ್ಯಾಗಿಂದ ಮಿರ್ಚಿ ಎತ್ತಿದೆ. ಮಿರ್ಚಿ ಬಂತು, ಅಂಗೈ ತೊಗಲು ಹೋತು. ಕಾಕಾ ಅಂಗಡಿ ಬಿಟ್ಟು ನನ್ನ ದವಾಖಾನಿಗೆ ಹೊತ್ತೊಯ್ದ. ಪುಣ್ಯಾತ್ಮ, ದಾರಿಯುದ್ದಕ್ಕೂ ಒದರಿದ: "ಮಿರ್ಚಿ ಇನ್ನೂ ಬೆಂದಿದ್ದಿಲ್ಲೋ ಹುಚ್ಚಪ್ಪಾ, ನೀನ ಮೊದಲು ಬೆಂದಿ!"

೨. ಮೊದಲನೇ ಕೋಶ

ಹುಬ್ಬಳ್ಳಿಯ ಡಾಕ್ಟರು ತೊಡಿ ತೊಗಲು ಕಿತ್ತು ಅಂಗೈಗೆ ಹಚ್ಚಿ, ತೊಡಿಗೆ ಹೊಲಿಗಿ ಹಾಕಿದರು. ಅವ್ವನ ಚಿಂತಿ ಒಂದ: "ಸಾಹೇಬ್ರ, ಇವನ ಮುಷ್ಟಿ ಮುಚ್ಚತೈತೇನ್ರಿ? ಇಲ್ಲಂದರ ಯಾರು ಕೆಲಸಕ್ಕ ಹಚಗೋತಾರ?"

"ನೋಡೋಣವ್ವಾ" ಅಂದು ನನಗ ತಿಳಿಸಿ ಹೇಳಿದರು: "ತಮ್ಮಾ, ತಾಯಿ ಹೊಟ್ಟ್ಯಾಗ ಮೊದಲು ಎಲ್ಲಾ ಜೀವಕೋಶ ಒಂದ ನಮೂನಿ. ಆಮ್ಯಾಲ ಒಂದು ಕಣ್ಣಾಕ್ಕೈತಿ, ಒಂದು ಎಲುಬಾಕ್ಕೈತಿ. ಕಸುಬು ಹಿಡದ ಮ್ಯಾಲ ಬಿಡಂಗಿಲ್ಲ. ತೊಗಲಿನ ತಳದಾಗ ತಾಯಿಕೋಶ ಇರತಾವ, ಹೊಸ ತೊಗಲು ಮಾಡಕೋತ ಇರತಾವ. ಅದಕ್ಕ ಈ ಕೈ ಉಳಿತೈತಿ."

"ಹಂಗಾದರ ನಾನೂ ಮೊದಲನೇ ಕೋಶಾನ ರೀ, ಇನ್ನೂ ಏನೂ ಆಗಿಲ್ಲ!"

"ಅದು ನಿನಗಿಂತ ಶಾಣ್ಯಾ. ಎಣ್ಣ್ಯಾಗ ಕೈ ಹಾಕಂಗಿಲ್ಲ."

೩. ಕಟಿಂಗ್

ತೊಗಲು ಕೈಗೆ ಬಂದರೂ ತಾನು ತೊಡಿ ಅನ್ನೋದು ಮರೀಲಿಲ್ಲ. ಅಂಗೈ ತುಂಬ ಕೂದಲು! ಕಟಿಂಗ್ ಅಂಗಡಿಗೆ ಹೋಗಿ ಕೈ ಚಾಚಿದೆ. ಅಂಗಡಿಯವ ತಿರುವಿ ತಿರುವಿ ನೋಡಿದ: "ಕಟಿಂಗ್ ಮಾಡ್ಲೋ, ದಾಡಿ ಮಾಡ್ಲೋ?"

"ತೊಡಿಗೆ ಏನು ಮಾಡತೀಯೋ ಅದನ್ನ ಮಾಡು."

ಹೆಗಲ ಮ್ಯಾಗಿನ ವಸ್ತ್ರ ತಗೊಂಡು ಬಡದ.

೪. ಆಯುಷ್ಯರೇಖಾ

ಬೆರಳು ಇನ್ನೂ ಅರ್ಧಾನ ಬಗ್ಗತಿದ್ದವು. ಅವ್ವ ಲಕ್ಷ್ಮೇಶ್ವರದ ಜೋಯಿಸರ ಹತ್ತಿರ ಕರಕೊಂಡು ಹೋದಳು. ಅವರು ಕೈ ನೋಡಿ, "ಆಯುಷ್ಯರೇಖಾನ ಇಲ್ಲಲ್ಲವ್ವಾ!" ಅಂದರು. ಅವ್ವ ಅಳಾಕ ಹತ್ತಿದಳು.

"ಇದು ತೊಡಿ ತೊಗಲ್ರಿ" ಅಂದೆ.

"ಹಂಗಾದರ ತೊಡಿ ತೋರಸು!"

ಲುಂಗಿ ಎತ್ತಿದೆ. ಜೋಯಿಸರು ಹೊಲಿಗಿ ಗುರುತಿನ ಮ್ಯಾಲ ಬೆರಳಾಡಿಸಿ ಅಂದರು: "ಅಬಾಬಾ! ಇಷ್ಟುದ್ದ ಆಯುಷ್ಯರೇಖಾ ನಾ ಎಲ್ಲೂ ನೋಡಿಲ್ಲ!"

ಖರೆ ಹೇಳಲಾ? ಜೋಯಿಸರು ತೊಡಿ ಕೇಳಲೇ ಇಲ್ಲ, ಸುಮ್ಮನ ಕೈ ಬಿಟ್ಟರು. ಬಸ್ಸಿನಾಗ ಅವ್ವನ ಅಳು ನೋಡಲಾರದ, "ಅವರು ತೊಡಿ ನೋಡಿದ್ದರ ಹಿಂಗ ಅಂತಿದ್ದರು" ಅಂತ ಈ ಕಡೀ ಮಾತು ನಾನ ಕಟ್ಟಿದೆ. ಆಕಿ ಅಳಕೋತ ನಕ್ಕಳು, ನಕ್ಕೋತ ಹೊಡಿಯಾಕ ಬಂದಳು. ಆಕಿ ಕೈ ಗಪ್ಪನ ಹಿಡದೆ.

ಬಲಗೈಲೆ ಹಿಡದಿದ್ದೆ. ಮುಷ್ಟಿ ಪೂರಾ ಮುಚ್ಚಿತ್ತು.