ಅಕ್ಕನ ನೂರು ಜನ

ಬ್ಯಾಗು ಹೆಗಲಿಗೇರಿಸಿ ಲಡಾಖಿನಿಂದ ಕನ್ಯಾಕುಮಾರಿವರೆಗೆ ಅಲೆದವಳು ನಾನು. ನಕಲಿ ಗೈಡು, ನಕಲಿ ಸಾಧು, ಎಲ್ಲರ ಕೈಯಿಂದಲೂ ತಪ್ಪಿಸಿಕೊಂಡಿದ್ದೇನೆ. ಸಿಕ್ಕಿಬೀಳುವುದು ಮಾತ್ರ ಶಿಕಾರಿಪುರದ ನಮ್ಮಕ್ಕನ ಮನೆಯಲ್ಲಿ, ಹೋದಾಗಲೆಲ್ಲ. ಒಂದು ಕಾಲಕ್ಕೆ ಆ ಮನೆಯಲ್ಲಿ ಊಟದ ಹೊತ್ತಿಗೆ ಹೊರಗಿನವರು ಇಬ್ಬರಾದರೂ ಇರಲೇಬೇಕಿತ್ತು. ಜನವೇ ಅಕ್ಕನ ಆಸ್ತಿ. ಆ ಆಸ್ತಿ ಕರಗಿದ ಕಥೆ ಇದು.

ಕಾಫಿ

"ಕಾಫಿಗೆ ಬಾರೆ" ಅಂದಳು. ಹೋದರೆ ಪಡಸಾಲೆಯಲ್ಲಿ ಒಂಬತ್ತು ಹೆಂಗಸರು, ಒಂದು ಬಿಳಿ ಬೋರ್ಡು, ದಾವಣಗೆರೆಯಿಂದ ಬಂದ ಟೈ ಕಟ್ಟಿದ ಸರ್ ಒಬ್ಬರು. ಆರೋಗ್ಯದ ಪೌಡರ್ ಕಂಪನಿ. ನಾವು ಡಬ್ಬಿ ಕೊಳ್ಳಬೇಕು, ನಮ್ಮ ಕೆಳಗೆ ಜನ ಸೇರಿಸಬೇಕು, ಅವರು ಅವರ ಕೆಳಗೆ. ಅಕ್ಕ ಆಗಲೇ ಸೇರಿಯಾಗಿತ್ತು. ಸರ್ ನನ್ನತ್ತ ತಿರುಗಿ, ಜೀವನದಲ್ಲಿ ನಿಮ್ಮ ಕನಸೇನು ಮೇಡಂ ಎಂದು ಕೇಳಿದರು.

"ಸದ್ಯಕ್ಕೆ ಕಾಫಿ ರೀ," ಅಂದೆ.

ಕಾಫಿ ಬರಲಿಲ್ಲ. ಪೌಡರ್ ಬಂತು.

ಪಟ್ಟಿ

ಗೊತ್ತಿರುವ ನೂರು ಜನರ ಹೆಸರು ಬರೆಯಿರಿ ಎಂದು ಸರ್ ಹೇಳಿದರಂತೆ. ಅಕ್ಕ ಬರೆಯುವ ಗೋಜಿಗೇ ಹೋಗಲಿಲ್ಲ. ಮಗಳ ಮದುವೆಗೆ ಕರೆಯಲು ಮಾಡಿದ್ದ ಪಟ್ಟಿ ಕಪಾಟಿನಲ್ಲಿತ್ತು. ಅದೇ ಕ್ರಮದಲ್ಲಿ, ಹಿರಿಯರಿಂದ ಶುರು ಮಾಡಿ, ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದಳು. ಕುಂಕುಮ ತಂದವಳನ್ನು ಬಾಗಿಲಲ್ಲೇ ಸಾಗಹಾಕಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಒಂದೊಂದು ಡಬ್ಬಿ ಕೊಂಡರು. ಎರಡನೇ ಸುತ್ತಿಗೆ ಬೀದಿಯ ಬಾಗಿಲುಗಳು ಹಗಲಲ್ಲೇ ಮುಚ್ಚತೊಡಗಿದವು.

ಸೊರಬದ ಚಿಕ್ಕಪ್ಪನ ಮನೆಗೆ ನಾನೂ ಹೋಗಿದ್ದೆ. ಚಿಕ್ಕಮ್ಮ ಬಾಗಿಲು ಅರ್ಧ ತೆರೆದು, ಅವರು ಊರಲ್ಲಿಲ್ಲ ಅಂದರು. ಒಳಗಿನಿಂದ ಚಿಕ್ಕಪ್ಪನ ಕೆಮ್ಮು ಕೇಳಿತು. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ.

"ಕೆಮ್ಮಿಗೂ ಇದು ಆಗತ್ತೆ ಚಿಕ್ಕಮ್ಮ," ಎಂದು ಜಗಲಿಯ ಮೇಲೆ ಡಬ್ಬಿ ಇಟ್ಟು ಬಂದಳು.

ಲೋಟ

ಉಳಿದ ಡಬ್ಬಿಗಳನ್ನೆಲ್ಲ ಬಾವ ಕುಡಿದು ಮುಗಿಸುತ್ತಿದ್ದರು. ಮಂಡಿಯಲ್ಲಿ ಮೆಕ್ಕೆಜೋಳದ ವ್ಯಾಪಾರ, ಮಾತು ಕಡಿಮೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು. ಹೇಗಿದೆ ಬಾವ ಎಂದು ಕೇಳಿದೆ.

"ಎಮ್ಮೆಗೂ ಕಲಸಿ ಇಟ್ಟಿದ್ದೆ. ಮೂಸಿ ನೋಡಿ ಮುಖ ತಿರುಗಿಸ್ತು. ಅದಕ್ಕೇನು, ಅದು ನಿಮ್ಮಕ್ಕನ್ನ ಮದುವೆ ಆಗಿಲ್ಲ," ಅಂದರು.

ಫೋನು

ಹೋದ ವರ್ಷ ಒಂದು ಬೆಳಿಗ್ಗೆ ಬಾವ ಮಂಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ನಾನು ಬರುವಷ್ಟರಲ್ಲಿ ಅಕ್ಕ ಫೋನು ಹಿಡಿದು ಕೂತಿದ್ದಳು. ನೆಂಟರಲ್ಲಿ ಒಬ್ಬರೂ ಎತ್ತಿರಲಿಲ್ಲ. ನನ್ನ ಫೋನಿನಿಂದ ಚಿಕ್ಕಪ್ಪನಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ನಿಮ್ಮಕ್ಕ ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದಾಳೆ ಮಾರಾಯ್ತಿ. ಚಿಕ್ಕಪ್ಪ ಸತ್ತ ಅಂತ ಹೇಳಿಬಿಡು."

ಸತ್ತವರು ಯಾರೆಂದು ನಾನು ತಿದ್ದಿ ಹೇಳಿದೆ.

ಪಡಸಾಲೆ

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಬಾವನಿಗೆ ವಿಭೂತಿ ಹಚ್ಚಿ ಹೂವಿನ ನಡುವೆ ಕೂರಿಸಿದ್ದೆವು. ಎದುರಿಗೆ ಚಾಪೆ ತುಂಬ ಜನ: ಸೊರಬದವರು, ತೊಗರ್ಸಿಯವರು, ಮಂಡಿಯ ಹಮಾಲರು. ಆಮೇಲೆ ದಾವಣಗೆರೆಯ ಸರ್ ಹಾರ ಹಿಡಿದು ಬಂದರು. ಬೆಳಿಗ್ಗೆ ಅಕ್ಕನ ಫೋನು ಎತ್ತಿದ್ದು ಅವರೊಬ್ಬರೇ ಅಂತೆ. ಹಾರ ಹಾಕಿ, ಕೈಮುಗಿದು, ಅಕ್ಕನ ಪಕ್ಕ ಕೂತು ಸುತ್ತ ಕಣ್ಣಾಡಿಸಿದರು. ಅಭ್ಯಾಸಬಲ, ತುಟಿ ತಲೆ ಎಣಿಸುತ್ತಿತ್ತು.

"ಇಷ್ಟೂ ಜನ ನಿಮ್ಮೋರೇನ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ತಲೆ ಎತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು.

"ಅಲ್ರೀ ಸರ್. ಇವರೆಲ್ಲ ಅವರಿಗೋಸ್ಕರ ಬಂದೋರು. ನನ್ನ ಕಡೆಯಿಂದ ಅಂತ ಬಂದೋರು ನೀವೊಬ್ಬರೇ."