ಪಟ್ಟಿಯ ಮೊದಲ ಹೆಸರು

ಬಡತನ ಕಡಿಮೆ ಮಾಡಲು ಹೊರದೇಶದಿಂದ ದುಡ್ಡು ಬಂದಾಗಲೆಲ್ಲ ನಗಲು ಏನಾದರೊಂದು ಜೊತೆಗೇ ಬಂದುಬಿಡುತ್ತದೆ. ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಲೊನಿಯಲ್ಲಿ ಅಂಥದೊಂದು ಯೋಜನೆಯ ಕಾರ್ಯಕರ್ತ ನಾನು. ನನ್ನದು ವರ್ಷ ವರ್ಷದ ನೌಕರಿ. ಮಾರ್ಚ್ ಹತ್ತಿರ ಬಂತೆಂದರೆ ಕೆಲಸ ಮುಂದುವರಿಯುತ್ತದೋ, ಗಂಟುಮೂಟೆ ಕಟ್ಟಿ ಕುಶಾಲನಗರದ ಅಪ್ಪನ ಮನೆ ಸೇರಬೇಕೋ ಎಂಬ ಕಸಿವಿಸಿ.

ಗೂಡು

ಮೊದಲು ಪ್ರತಿ ಮನೆಗೂ ಐದು ಕೋಳಿ, ಒಂದು ಗೂಡು ಕೊಟ್ಟೆವು. ಗೂಡಿನ ನಕ್ಷೆ ವಿಮಾನದಲ್ಲಿ ಬಂದಿತ್ತು. ತಗಡಿನ ಮಾಡು, ಜಾಲರಿ ಕಿಟಕಿ, ನೆಲದಿಂದ ಎರಡಡಿ ಎತ್ತರ. ಒಂದು ಹನಿ ಸೋರುವಂತಿಲ್ಲ. ಜುಲೈ ಮಳೆಯಲ್ಲಿ ಹೋಗಿ ನೋಡುತ್ತೇನೆ, ಗೂಡುಗಳ ತುಂಬ ಸೌದೆ! ಕೋಳಿಗಳೆಲ್ಲ ಅಡುಗೆಮನೆಯಲ್ಲಿ ಒಲೆ ಪಕ್ಕ ಬೆಚ್ಚಗೆ ಕೂತಿವೆ.

“ಏನಕ್ಕಾ ಇದು?” ಎಂದು ಮಹಿಳಾ ಸಂಘದ ಅಧ್ಯಕ್ಷೆಯನ್ನು ಕೇಳಿದೆ.

“ಕೋಳಿ ನೆನೆದ್ರೆ ಮೈ ಕೊಡವಿಕೊಳ್ತದೆ ಸಾರ್. ಸೌದೆ ಕೊಡವಿಕೊಳ್ತದಾ?”

ವರದಿಯಲ್ಲಿ ‘ಗೂಡುಗಳು ಪೂರ್ತಿ ಬಳಕೆಯಲ್ಲಿವೆ’ ಎಂದು ಬರೆದೆ.

ತರಬೇತಿ

ಸಮಯವನ್ನು ಸರಿಯಾಗಿ ಬಳಸುವುದು ಹೇಗೆಂದು ಹೆಂಗಸರಿಗೆ ಜನವರಿಯಲ್ಲೇ ತರಬೇತಿ ಕೊಡಿ ಎಂದು ಮೇಲಿನಿಂದ ಆದೇಶ ಬಂತು. ಜನವರಿ ಅಂದರೆ ಪಿಕ್ಕಿಂಗ್ ಕಾಲ, ಎಲ್ಲರೂ ಕಾಫಿ ಕುಯ್ಯಲು ಹೋಗಿರುತ್ತಾರೆ. ಕಾಲೊನಿಯಲ್ಲಿ ನಾಯಿಗಳಿಗೆ ಬಿಟ್ಟರೆ ಇನ್ಯಾರಿಗೂ ಪುರುಸೊತ್ತಿಲ್ಲ. ಚಾರ್ಟು ಸುತ್ತಿಕೊಂಡು ಎಸ್ಟೇಟಿಗೇ ಹೋದೆ.

“ನೀವು ಹೇಳ್ತಾ ಇರಿ ಸಾರ್, ನಾವು ಕೇಳ್ತೇವೆ. ಕೈ ಯಾಕೆ ಸುಮ್ನೆ ಇರ್ಬೇಕು?” ಎಂದು ಅಧ್ಯಕ್ಷೆ ನನ್ನ ಸೊಂಟಕ್ಕೂ ಒಂದು ಚೀಲ ಕಟ್ಟಿದರು.

ಸಂಜೆವರೆಗೆ ಹೇಳಿದೆ, ಕುಯ್ದೆ. ತೂಕದ ಹೊತ್ತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನ ಚೀಲ ಒಂದು ಬೆರಳಲ್ಲಿ ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಅಕ್ಕಾ, ಇವ್ರನ್ನ ನಾಳೆ ಕರ್ಕೊಂಡು ಬರ್ಬೇಡಿ” ಅಂದ.

ಪಟ್ಟಿ

ಫೆಬ್ರವರಿಯಲ್ಲಿ ದುಡ್ಡು ಕೊಡುವ ಸಂಸ್ಥೆಯ ಮೇಡಂ ಬಂದರು. ಅವರು ಮೆಚ್ಚಿದರೆ ನನ್ನ ಕೆಲಸ ಉಳಿಯಿತು, ಇಲ್ಲದಿದ್ದರೆ ಇಲ್ಲ. ಅವರಿಗೆ ಕನ್ನಡ ಬಾರದು, ನಾನೇ ದುಭಾಷಿ. ಕಾಲೊನಿಯಲ್ಲಿ ಎಲ್ಲರಿಗಿಂತ ಬಡವರು ಯಾರು, ಐದು ಹೆಸರು ನೀವೇ ಆರಿಸಿ ಎಂದು ಹೆಂಗಸರಿಗೆ ಹೇಳಿಸಿ, ನನ್ನ ಪ್ರಭಾವ ಬೀಳಬಾರದೆಂದು ನನ್ನನ್ನು ಹೊರಗೆ ನಿಲ್ಲಿಸಿದರು.

ಒಳಗೆ ಅರ್ಧ ಗಂಟೆ ಜಗಳ. “ನಾವ್ಯಾಕೆ ಬಡವ್ರು? ನಮ್ಗೆ ಐದು ಕೋಳಿ ಉಂಟು!” ಎಂದು ಒಬ್ಬೊಬ್ಬರೂ ಕೂಗುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ನಗು. ನನ್ನನ್ನು ಕರೆದರು.

ಅಧ್ಯಕ್ಷೆ ಎದ್ದು ನಿಂತರು. “ಒಬ್ರೇ ಸಿಕ್ಕಿದ್ದು. ನೀವೇ ಸಾರ್.”

ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ‘ಒಬ್ಬ ಗಂಡಸು’ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

“ಸ್ವಂತ ಮನೆ ಇಲ್ಲ” ಅಂದರು ಅಧ್ಯಕ್ಷೆ. ಅನುವಾದಿಸಿದೆ.

“ಕೋಳಿ ಇಲ್ಲ. ಹೆಂಡ್ತಿ ಇಲ್ಲ.” ಅನುವಾದಿಸಿದೆ.

“ಕಾಫಿ ಕುಯ್ಲಿಕ್ಕೂ ಗೊತ್ತಿಲ್ಲ, ರೈಟರೇ ಬೇಡ ಅಂದ್ರು.” ಅದನ್ನೂ ಅನುವಾದಿಸಿದೆ.

“ಮಾರ್ಚಿಗೆ ಇರೋ ಕೆಲ್ಸನೂ ಹೋದ್ರೆ ಏನ್ ಮಾಡ್ತೀರಿ, ಪಾಪ?”

ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಇಷ್ಟು ಜನ ನನ್ನ ಬಗ್ಗೆ ಯೋಚಿಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಹೇಗೋ ಅನುವಾದಿಸಿದೆ.

ಮೇಡಂ ಕಣ್ಣು ಒದ್ದೆಯಾಗಿತ್ತು. ಆ ಮನುಷ್ಯನನ್ನು ಈಗಲೇ ನೋಡಬೇಕು, ಎಲ್ಲಿದ್ದಾನೆ ಎಂದರು.

“ಅವನು ಎಲ್ಲಿದ್ದಾನೆ ಅಂತ ಕೇಳ್ತಿದ್ದಾರೆ” ಎಂದು ಕನ್ನಡದಲ್ಲಿ ಹೇಳಿದೆ. ಇಡೀ ಸಭೆ ನನ್ನ ಕಡೆ ಕೈ ತೋರಿಸಿತು.

ಮೇಡಂ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಕೆಲಸವೇನೋ ಉಳಿಯಿತು. ಹೊಸ ಪಟ್ಟಿಯಲ್ಲಿ ಒಂದನೇ ಫಲಾನುಭವಿಯೆಂದು ನನಗೂ ಐದು ಕೋಳಿ, ಒಂದು ಗೂಡು ಮಂಜೂರಾಯಿತು.

ಈಗ ಜುಲೈ. ಗೂಡಿನ ತುಂಬ ನನ್ನ ಬಚ್ಚಲ ಒಲೆಯ ಸೌದೆ. ಕೋಳಿಗಳು ಅಡುಗೆಮನೆಯಲ್ಲಿ ಬೆಚ್ಚಗಿವೆ.