ನನ್ನ ಬಸಿರು, ಊರಿಗೆಲ್ಲ ತಲೆನೋವು

ಬಸುರಿಯ ಬಯಕೆಗೆ ನಮ್ಮ ಕಡೆ ಹಾಡುಗಳಿವೆ, ಬಸುರಿಯ ತಲೆನೋವಿಗೆ ಒಂದೂ ಇಲ್ಲ. ಬ್ಯಾಡಗಿಯ ಶಾಲೆಯೊಂದರಲ್ಲಿ ಟೀಚರಾಗಿದ್ದ ನನಗೆ, ಮೊದಲ ಮಗಳು ಹೊಟ್ಟೆಯಲ್ಲಿದ್ದಾಗ ಬಯಕೆ ಬರಲೇ ಇಲ್ಲ. ತಲೆನೋವೇ ಬಂತು. ಅದಾದರೂ ಒಂದೇ ಬರಬಾರದೇ? ಬಂದಾಗಲೆಲ್ಲ ಒಂದು ಫಜೀತಿಯನ್ನೂ ಕೈಹಿಡಿದು ಕರೆತರುತ್ತಿತ್ತು.

೧. ಕೆಂಪು ಟವೆಲ್

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಗೇ ಘಾಟು. ಘಾಟಿಗೆ ಸೀನು, ಸೀನಿದರೆ ತಲೆ ಸಿಡಿತ. ಒಂದು ದಿನ ತಡೆಯಲಾರದೆ ಗಂಡನ ಕೆಂಪು ಟವೆಲ್ಲನ್ನು ಒದ್ದೆ ಮಾಡಿ ಹಣೆಗೆ ಬಿಗಿದುಕೊಂಡೇ ಶಾಲೆಗೆ ಹೋದೆ. ಗೇಟಿನಲ್ಲಿ ಹೆಡ್‌ಮಾಸ್ತರರು ಎದುರಾದರು.

"ಏನ್ರಿ ಟೀಚರ, ಸ್ಟ್ರೈಕ್ ಇವತ್ತಿಂದನ? ನನಗ ಯಾರೂ ಹೇಳೇ ಇಲ್ಲಲ್ಲ!"

"ತಲಿನೋವ್ರಿ ಸರ."

"ಅದು ಇರ್ಲಿ, ಬೇಡಿಕಿ ಏನೈತಿ ಹೇಳ್ರಿ."

೨. ನೀರು

ರಾಣೆಬೆನ್ನೂರಿನ ಡಾಕ್ಟರಮ್ಮ ಹೇಳಿದ್ದರು: "ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದಿ ಮಾಡು, ನೀರು ಕುಡಿ. ನನ್ನ ಕೇಳದ ಒಂದು ಗುಳಿಗಿನೂ ನುಂಗಬ್ಯಾಡ."

ಊಟ, ನಿದ್ದೆ ನನ್ನ ಕೈಯಲ್ಲಿರಲಿಲ್ಲ. ಅವುಗಳ ಪಾಲನ್ನೂ ನೀರಿನಲ್ಲೇ ತೀರಿಸಿಬಿಡೋಣ ಎಂದು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲೇ ಎರಡು ಬಾಟಲಿ ಖಾಲಿ ಮಾಡಿದೆ. ಬ್ಯಾಡಗಿ ಮುಟ್ಟುವಷ್ಟರಲ್ಲಿ ನನ್ನ ಸಲುವಾಗಿ ಬಸ್ಸು ನಾಲ್ಕು ಕಡೆ ನಿಂತಿತು.

ಇಳಿಯುವಾಗ ಕಂಡಕ್ಟರ್ ಕೈಮುಗಿದ. "ಅಕ್ಕಾರ, ಮುಂದಿನ ಸಲ ಮೊದಲ ತಿಳಸ್ರಿ. ಬೋರ್ಡಿನ ಮ್ಯಾಲೆ ನಿಮ್ಮ ಸ್ಟಾಪೂ ಬರಸ್ತೀನಿ."

೩. ಪಿಸುಮಾತು

ಆಮೇಲಾಮೇಲೆ ಸದ್ದು ಕೇಳಿದರೂ ತಲೆ ಒಡೆದಂತಾಗುತ್ತಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡಿದೆ. ಪಾಪ, ಗಂಡನೂ ಅತ್ತೆಯೂ ಪಿಸುಪಿಸು ಮಾತಾಡುತ್ತ ಬೆಕ್ಕಿನಂತೆ ಓಡಾಡತೊಡಗಿದರು.

ಒಂದು ಸಂಜೆ ಕುಪ್ಪೇಲೂರಿನಿಂದ ಸೋದರಮಾವ ಬಂದ. ಕಿಟಕಿ ಮುಚ್ಚಿವೆ, ಮನೆ ಕತ್ತಲು, ನಾನು ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿದ್ದೇನೆ, ಎಲ್ಲರದೂ ಪಿಸುಮಾತು. ಅವನು ಬಾಗಿಲಲ್ಲೇ ಕುಸಿದು ಕೂತ. "ಅಯ್ಯೋ ನನ್ನ ಬಂಗಾರದಂಥಾ ಹುಡುಗಿ! ಒಂದು ಮಾತು ತಿಳಸಬಾರದೇನಪಾ?"

"ನಾ ಇನ್ನೂ ಅದೀನೋ ಮಾಮಾ!" ಎಂದು ಕಿರುಚಿದೆ.

ಆ ವಾರ ಮನೆಯಲ್ಲಾದ ದೊಡ್ಡ ಗದ್ದಲ ಅದೊಂದೇ. ಮಾಡಿದವಳೂ ನಾನೇ.

೪. ಹಾವೇರಿಯ ದವಾಖಾನೆ

ಏಳನೇ ತಿಂಗಳಲ್ಲಿ ತಲೆನೋವಿನ ಜೊತೆ ಕಣ್ಣೂ ಮಂಜಾಯಿತು. "ಹಂಗಾದ್ರ ಬಿಪಿ ಏರಿರಬಹುದು, ತಡಾ ಮಾಡಬ್ಯಾಡ" ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಅವತ್ತು ಅವರು ಊರಲ್ಲಿರಲಿಲ್ಲ. ಹೆದರಿ, ಅತ್ತೆಯನ್ನು ಕರೆದುಕೊಂಡು ಹಾವೇರಿಯ ದವಾಖಾನೆಗೆ ಓಡಿದೆ. ದಾರಿಯುದ್ದಕ್ಕೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

ಬಿಪಿ ನೋಡಿದರು, ಸರಿ ಇತ್ತು. ಮೂತ್ರ ಪರೀಕ್ಷೆ ಮಾಡಿಸಿದರು, ಅದೂ ಸರಿ. ಕೂಸಿನ ಎದೆಬಡಿತವಂತೂ ಕುದುರೆ ಓಡಿದಂತಿತ್ತು.

"ಹಂಗಾರ ನನ್ನ ತಲಿಯೊಳಗ ಏನೋ ದೊಡ್ಡದ ಐತ್ರಿ!" ಎಂದು ಅತ್ತುಬಿಟ್ಟೆ.

ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದೆ. ಗೋಡೆಯ ಕ್ಯಾಲೆಂಡರ್ ಮೊದಲಿಗಿಂತ ಸ್ವಚ್ಛ ಕಂಡಿತು! ಡಾಕ್ಟರು ನನ್ನ ಕನ್ನಡಕ ಇಸಿದುಕೊಂಡು ಬೆಳಕಿಗೆ ಹಿಡಿದರು, ಆಮೇಲೆ ಅತ್ತೆಯ ಮೂಗಿನ ಮೇಲಿದ್ದದ್ದನ್ನು ನೋಡಿದರು. ಒಂದೇ ಅಂಗಡಿಯಲ್ಲಿ ತಂದ, ಒಂದೇ ನಮೂನೆಯ ಕಪ್ಪು ಚೌಕಟ್ಟು.

"ಇದು ಯಾರದ್ರಿ?"

ನಾಲ್ಕು ದಿನದಿಂದ ನಾನು ಅತ್ತೆಯ ಕನ್ನಡಕ ಹಾಕಿಕೊಂಡಿದ್ದೆ, ಅತ್ತೆ ನನ್ನದನ್ನು. ಮಕ್ಕಳಿಗೆ ದಿನಾ "ಕಣ್ಣು ತೆರೆದು ನೋಡಿ ಬರೀರಿ" ಎನ್ನುವ ಟೀಚರು ನಾನು! ನಾಚಿಕೆ ಮುಚ್ಚಿಕೊಳ್ಳಲು ಅತ್ತೆಯ ಮೇಲೆಯೇ ಹರಿಹಾಯ್ದೆ. "ನಿಮಗಾದ್ರೂ ಗೊತ್ತಾಗಲಿಲ್ಲೇನ್ರಿ ಅತ್ತಿ? ನಿಮ್ಮ ತಲಿ ನೋಯಲಿಲ್ಲೇನು?"

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಡಾಕ್ಟರಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಉಸುರಿದರು:

"ನೋಯ್ತಿತ್ತವ್ವಾ, ವಾಂತಿ ಬಂದಂಗೂ ಆಗ್ತಿತ್ತು. ಈ ವಯಸ್ಸಿನ್ಯಾಗ ಬಾಯಿಬಿಟ್ಟು ಹೇಳಿದ್ರ ಮಂದಿ ಏನ್ ತಿಳಕೊಂಡಾರು ಅಂತ ಸುಮ್ಮನಿದ್ದೆ!"